ರಾಜ್‌ಕುಮಾರ್ ಕಂಠ ಮತ್ತು ಜಿ.ಕೆ.ವೆಂಕಟೇಶ್

1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ‘ಯಾರೇ ಕೂಗಾಡಲಿ’ ಹಾಡಿನೊಂದಿಗೆ ರಾಜ್‌ಕುಮಾರ್ ಗಾಯಕರಾದರು ಎಂಬುದು ಬಹುಜನರ ನಂಬಿಕೆ. ಆದರೆ ಅದರ ಸಂಗೀತ ನಿರ್ದೇಶಕ ಜಿ.ಕೆ.ವೆಂಕಟೇಶ್ ಅವರಿಗೆ ಆ ಕಂಠ ಹೊಸದಾಗಿರಲಿಲ್ಲ. 1956ರ ‘ಓಹಿಲೇಶ್ವರ’ದಲ್ಲಿಯೂ, 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್.ಜಾನಕಿ ಅವರೊಡನೆ ಯುಗಳಗೀತೆಯಲ್ಲಿಯೂ ರಾಜ್‌ಕುಮಾರ್ ಅವರಿಂದ ಹಾಡಿಸಿದ್ದವರು ಅವರೇ.

ಹಾಗಿದ್ದೂ ಮುಂದಿನ ಹದಿನೈದು ವರ್ಷ ರಾಜ್‌ಕುಮಾರ್ ಪಾತ್ರಗಳಿಗೆ ಬಹುಮಟ್ಟಿಗೆ ದನಿಯಾದವರು ಪಿ.ಬಿ.ಶ್ರೀನಿವಾಸ್. ಮಂದ್ರದಲ್ಲಿ ನಿಂತು ಮೃದುವಾಗಿ ನುಡಿಯುತ್ತಿದ್ದ ಆ ದನಿ ನಟನ ಮಾತಿನ ದನಿಯೊಂದಿಗೆ ಎಷ್ಟು ಬೆರೆತುಹೋಗಿತ್ತೆಂದರೆ, ಹಾಡುತ್ತಿರುವವರು ಬೇರೆಯವರೆಂದು ಪ್ರೇಕ್ಷಕರಿಗೆ ಅನ್ನಿಸುತ್ತಲೇ ಇರಲಿಲ್ಲ. ‘ಕಸ್ತೂರಿ ನಿವಾಸ’ (1971), ‘ಬಂಗಾರದ ಮನುಷ್ಯ’ (1972) ಚಿತ್ರಗಳ ಮೂಲಕ ಈ ಜೋಡಿಯನ್ನು ಗಟ್ಟಿಗೊಳಿಸಿದವರಲ್ಲಿ ವೆಂಕಟೇಶ್ ಅವರೂ ಒಬ್ಬರೆಂಬುದು ಸ್ವಾರಸ್ಯಕರ.

1927ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ವೆಂಕಟೇಶ್ ಬೆಳೆದದ್ದು ಮದರಾಸಿನ ಚಿತ್ರೋದ್ಯಮದಲ್ಲಿ. ‘ಅನ್ನಕ್ಕಿಳಿ’ಯಿಂದ (1976) ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮೊದಲು ಇಳಯರಾಜ ಸಹಾಯಕರಾಗಿ ದುಡಿದದ್ದು ಇವರ ಬಳಿಯೇ.

‘ಸಂಪತ್ತಿಗೆ ಸವಾಲ್’ ಹಾಡಿಗೆ ರಾಜ್‌ಕುಮಾರ್ ಮೈಕಿನ ಮುಂದೆ ನಿಂತದ್ದು ಶ್ರೀನಿವಾಸ್ ಅಂದು ಬರಲಾಗದ ಕಾರಣಕ್ಕೆ ಎಂಬ ಮಾತು ಪ್ರಚಲಿತದಲ್ಲಿದೆ. ಕಾರಣ ಏನೇ ಇರಲಿ, ಆಯ್ಕೆ ಪಾತ್ರಕ್ಕೆ ಒಪ್ಪುವಂತಿತ್ತು. ಪಿ.ಬಿ.ಧುತ್ತರಗಿ ಅವರ ನಾಟಕವನ್ನು ಆಧರಿಸಿದ ಆ ಚಿತ್ರದಲ್ಲಿ ಎಮ್ಮೆಯ ಮೇಲೆ ಕುಳಿತು ಬರುವ ಹಳ್ಳಿಯ ಯುವಕನಿಗೆ ನಯಗಾರಿಕೆಗಿಂತ ಎದೆ ತುಂಬಿದ ಕೂಗು ಬೇಕಿತ್ತು. ಮೈಕಿಲ್ಲದ ಕಾಲದಿಂದ ಬಂದ ಕಂಪನಿ ನಾಟಕಗಳ ಹಾಡುಗಾರಿಕೆಯಲ್ಲಿ ಪಳಗಿದ್ದ ರಾಜ್‌ಕುಮಾರ್ ಅವರಿಗೆ ಅದು ಸಹಜವಾಗಿ ಒದಗಿತು. ಚಿ.ಉದಯಶಂಕರ್ ಅವರ ಸಾಹಿತ್ಯವೂ ಆಡುಮಾತಿನ ಧಾಟಿಯಲ್ಲೇ ಇತ್ತು. ಗಾಯನದಲ್ಲಿ ತುಸು ಒರಟುತನವಿದೆ ಎನ್ನುವವರಿದ್ದಾರೆ. ನನ್ನ ಮಟ್ಟಿಗೆ ಆ ಒರಟುತನವೇ ಹಾಡಿನ ಜೀವ.

ಆಮೇಲೆ ಅವರು ಹಿಂದಿರುಗಿ ನೋಡಲಿಲ್ಲ. ‘ಮಯೂರ’ದಲ್ಲಿ (1975) ಅದೇ ಕಂಠಕ್ಕೆ ವೆಂಕಟೇಶ್ ರಾಜಗಾಂಭೀರ್ಯ ಕೊಟ್ಟರು, ‘ಸನಾದಿ ಅಪ್ಪಣ್ಣ’ದಲ್ಲಿ (1977) ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರ ಶಹನಾಯಿಯನ್ನು ಕನ್ನಡಕ್ಕೆ ಕರೆತಂದರು. ‘ಜೀವನ ಚೈತ್ರ’ದ (1992) ಗಾಯನಕ್ಕಾಗಿ ರಾಜ್‌ಕುಮಾರ್ ರಾಷ್ಟ್ರಪ್ರಶಸ್ತಿ ಪಡೆದಾಗ ಸಂಗೀತ ಉಪೇಂದ್ರ ಕುಮಾರ್ ಅವರದಾಗಿತ್ತು. ವೆಂಕಟೇಶ್ 1993ರಲ್ಲಿ ನಿಧನರಾದರು.