ಭಾಜಕ ಹುಡುಕದೆಯೇ ಅವಿಭಾಜ್ಯ: 39 ಅಂಕೆಗಳ ಸಂಖ್ಯೆಯೊಂದರ ಹಿನ್ನೆಲೆ

2024ರ ಅಕ್ಟೋಬರ್‌ನಲ್ಲಿ 4,10,24,320 ಅಂಕೆಗಳ ಅವಿಭಾಜ್ಯ ಸಂಖ್ಯೆಯೊಂದು ಪ್ರಕಟವಾದಾಗ ಹೆಚ್ಚು ಚರ್ಚೆಯಾದದ್ದು ಅದರ ಉದ್ದವೇ. ಅಷ್ಟು ದೊಡ್ಡ ಸಂಖ್ಯೆಗೆ ಭಾಜಕವೇ ಇಲ್ಲವೆಂದು ತಿಳಿದದ್ದು ಹೇಗೆ ಎಂಬ, ಅದಕ್ಕಿಂತ ದೊಡ್ಡ ಪ್ರಶ್ನೆ ಬದಿಗೆ ಸರಿಯಿತು. ಅದರ ಉತ್ತರ ಸಿಗುವುದು 1876ರ ಫ್ರಾನ್ಸ್‌ನಲ್ಲಿ.

2ರ ಘಾತದಿಂದ 1 ಕಳೆದಾಗ ಬರುವ ಸಂಖ್ಯೆಗಳಲ್ಲಿ, ಘಾತಾಂಕ 257ರವರೆಗೆ, ಯಾವುವು ಅವಿಭಾಜ್ಯ ಎಂಬ ಪಟ್ಟಿಯನ್ನು ಮರ್ಸೆನ್ ಎಂಬ ಪಾದ್ರಿ 1644ರಲ್ಲಿ ಪುರಾವೆಯಿಲ್ಲದೆ ಪ್ರಕಟಿಸಿದರು. ಅದರಲ್ಲಿ ಘಾತಾಂಕ 67 ಮತ್ತು 257 ತಪ್ಪಾಗಿ ಸೇರಿದ್ದವು. 61, 89, 107 ಬಿಟ್ಟುಹೋಗಿದ್ದವು. ಪಟ್ಟಿ ಪೂರ್ತಿ ಇತ್ಯರ್ಥವಾಗಲು 1947ರವರೆಗೆ ಕಾಯಬೇಕಾಯಿತು. ನಡುವೆ, 1772ರಲ್ಲಿ, ಗಣಿತಜ್ಞ ಆಯ್ಲರ್ ಘಾತಾಂಕ 31ರ ಸಂಖ್ಯೆ ಅವಿಭಾಜ್ಯವೆಂದು ತೋರಿಸಿದರು.

ಘಾತಾಂಕ 127ಕ್ಕೆ ಬಂದರೆ ಭಾಗಿಸಿ ನೋಡುವ ದಾರಿ ಮುಚ್ಚಿಹೋಗುತ್ತದೆ. ಆ ಸಂಖ್ಯೆ 170141183460469231731687303715884105727. ಅದರ ವರ್ಗಮೂಲವೇ 20 ಅಂಕೆಗಳದ್ದು. 1876ರಲ್ಲಿ ಫ್ರೆಂಚ್ ಗಣಿತಜ್ಞ ಎದ್ವಾರ್ ಲ್ಯೂಕಾ ಇಲ್ಲಿ ಭಾಜಕಗಳ ಹುಡುಕಾಟವನ್ನೇ ಕೈಬಿಟ್ಟು, ಅದು ಅವಿಭಾಜ್ಯವೆಂದು ತೋರಿಸಿದರು. ಅವರ ವಿಧಾನವನ್ನು 1930ರ ದಶಕದಲ್ಲಿ ಅಮೆರಿಕದ ಗಣಿತಜ್ಞ ಲೆಹ್ಮರ್ ಸರಳಗೊಳಿಸಿದ ರೂಪ ಹೀಗಿದೆ: 4ರಿಂದ ಆರಂಭಿಸಿ, ವರ್ಗ ಮಾಡಿ 2 ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿದಾಗ ಉಳಿಯುವ ಶೇಷವನ್ನಷ್ಟೇ ಮುಂದಕ್ಕೆ ಒಯ್ಯಬೇಕು, ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಶೇಷ 0 ಬಂದರೆ ಮಾತ್ರ ಸಂಖ್ಯೆ ಅವಿಭಾಜ್ಯ. ಘಾತಾಂಕ 5 ಆಗಿರುವ 31ನ್ನೇ ತೆಗೆದುಕೊಳ್ಳಿ. 4ರ ವರ್ಗದಿಂದ 2 ಕಳೆದರೆ 14. ಅದರ ವರ್ಗದಿಂದ 2 ಕಳೆದರೆ 194, ಶೇಷ 8. 8ರ ವರ್ಗದಿಂದ 2 ಕಳೆದರೆ 62, ಶೇಷ 0. ಮೂರೇ ಹೆಜ್ಜೆ. ಘಾತಾಂಕ 127ಕ್ಕೆ 125 ಹೆಜ್ಜೆ ಸಾಕು. ದ್ವಿಮಾನದಲ್ಲಿ, ಅಂದರೆ 0 ಮತ್ತು 1ರಿಂದಷ್ಟೇ, ಬರೆದರೆ ಶೇಷ ತೆಗೆಯುವುದೂ ಸುಲಭ, ಮೇಲಿನ ಅಂಕೆಗಳನ್ನು ಕತ್ತರಿಸಿ ಕೆಳಗಿನವಕ್ಕೆ ಕೂಡಿಸಿದರಾಯಿತು; ದೊಡ್ಡ ಅವಿಭಾಜ್ಯಗಳ ದಾಖಲೆಯಲ್ಲಿ 2ರ ಘಾತದಿಂದ 1 ಕಳೆದ ಈ ರೂಪದವೇ, 2024ರದ್ದೂ ಸೇರಿ, ಮತ್ತೆ ಮತ್ತೆ ಮುಂದೆ ನಿಲ್ಲುವುದಕ್ಕೆ ಇದೇ ಕಾರಣ.

ಇದೇ ದಾರಿಯಲ್ಲಿ ಲ್ಯೂಕಾ ಘಾತಾಂಕ 67ರ ಸಂಖ್ಯೆ ಅವಿಭಾಜ್ಯವಲ್ಲವೆಂದೂ ತೋರಿಸಿದರು, ಒಂದೇ ಒಂದು ಭಾಜಕವನ್ನು ಹೆಸರಿಸದೆ. 193707721 ಮತ್ತು 761838257287 ಎಂಬ ಅಪವರ್ತನಗಳನ್ನು ಅಮೆರಿಕದ ಗಣಿತಜ್ಞ ಕೋಲ್ ಮುಂದಿಟ್ಟದ್ದು 1903ರಲ್ಲಿ. ನನ್ನ ಮಟ್ಟಿಗೆ ಈ ವಿಷಯದ ಅತ್ಯಂತ ಸುಂದರ ಅಧ್ಯಾಯವಿದು.

ಈ ರೂಪದ ಹೊಸ ಅವಿಭಾಜ್ಯಗಳನ್ನು ಕಂಡುಹಿಡಿಯಲು 1952ರಲ್ಲಿ ಕಂಪ್ಯೂಟರ್, 1996ರಿಂದ ಜಗತ್ತಿನ ಸ್ವಯಂಸೇವಕರ ಯಂತ್ರಗಳು, 2024ರಲ್ಲಿ ಗ್ರಾಫಿಕ್ಸ್ ಚಿಪ್‌ಗಳು ಬಂದವು. ಕೊನೆಯ ಮುದ್ರೆ ಒತ್ತಿದ್ದು ಮಾತ್ರ ಅದೇ 4ರಿಂದ ಆರಂಭವಾಗುವ ಪರೀಕ್ಷೆ.

ಅದಕ್ಕೂ ಒಂದು ಗೋಡೆಯಿದೆ. 2, 3, 7, 127, ಆಮೇಲೆ ಲ್ಯೂಕಾರ ಸಂಖ್ಯೆ: ಹಿಂದಿನದನ್ನು 2ರ ಘಾತಾಂಕವಾಗಿಸಿ 1 ಕಳೆಯುತ್ತ ಬಂದ ಈ ಐದೂ ಅವಿಭಾಜ್ಯಗಳೇ. ಆರನೆಯದು ಯಾರೂ ಪೂರ್ತಿ ಬರೆಯಲಾಗದಷ್ಟು ದೊಡ್ಡದು, ಅದರ ಪರೀಕ್ಷೆಗೆ ಬೇಕಾದ ಹೆಜ್ಜೆಗಳ ಎಣಿಕೆಯೇ 39 ಅಂಕೆಗಳದ್ದು. ಅಲ್ಲಿ ಉಳಿದಿರುವುದು ಭಾಜಕ ಹುಡುಕುವ ಹಳೆಯ ದಾರಿಯೊಂದೇ, ಈವರೆಗೆ ಒಂದೂ ಸಿಕ್ಕಿಲ್ಲ.