ಮಗ್ಗಿ ಬಾಯಿಗೆ ಬಂದಿದೆ, ಗುಣಾಕಾರ ಅರ್ಥವಾಗಿಲ್ಲ: ಏನು ಮಾಡಬೇಕು?

ಪ್ರಶ್ನೆ: ಎಂಟು ವರ್ಷದ ನಮ್ಮ ಮಗಳು ಹತ್ತರವರೆಗಿನ ಮಗ್ಗಿಯನ್ನು ತಡೆಯಿಲ್ಲದೆ ಒಪ್ಪಿಸುತ್ತಾಳೆ. ಆದರೆ ‘ಆರು ಡಬ್ಬಿಗಳಲ್ಲಿ ತಲಾ ನಾಲ್ಕು ಪೆನ್ಸಿಲ್ ಇದ್ದರೆ ಒಟ್ಟು ಎಷ್ಟು?’ ಎಂದು ಕೇಳಿದರೆ ‘ಹತ್ತು’ ಎನ್ನುತ್ತಾಳೆ. ಅವಳಿಗೆ ಗುಣಾಕಾರವನ್ನು ಅರ್ಥ ಮಾಡಿಸುವುದು ಹೇಗೆ?

ಉತ್ತರ: ನಿಮ್ಮ ಮಗಳು ಹೇಳಿದ ‘ಹತ್ತು’ ಗಮನವಿಲ್ಲದೆ ಆದ ತಪ್ಪಲ್ಲ. ಲೆಕ್ಕದಲ್ಲಿರುವ ಎರಡು ಸಂಖ್ಯೆಗಳೂ ಪೆನ್ಸಿಲ್ಲುಗಳನ್ನೇ ಎಣಿಸುತ್ತಿವೆ ಎಂದು ಅವಳು ತಿಳಿದಿದ್ದಾಳೆ, ಆದ್ದರಿಂದ ಕೂಡಿದ್ದಾಳೆ. ನಾಲ್ಕು ಎಂಬುದು ಪೆನ್ಸಿಲ್ಲಿನ ಲೆಕ್ಕ, ಆರು ಎಂಬುದು ಡಬ್ಬಿಯ ಲೆಕ್ಕ. ಗುಣಾಕಾರ ಕಲಿಯುವ ಮಗು ಮೊಟ್ಟಮೊದಲು ಹಿಡಿಯಬೇಕಾದದ್ದು ಈ ವ್ಯತ್ಯಾಸವನ್ನು, ಮತ್ತು ನನ್ನ ದೃಷ್ಟಿಯಲ್ಲಿ ಅದನ್ನು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಅವಳ ಕೈಯಿಂದಲೇ ಮಾಡಿಸಿ ತೋರಿಸುವುದು ಮೇಲು.

ಆರು ಬಟ್ಟಲುಗಳನ್ನೂ ಒಂದು ಹಿಡಿ ಅಂಗಿ ಗುಂಡಿಗಳನ್ನೂ ಅವಳ ಮುಂದಿಡಿ. ಒಂದೊಂದು ಬಟ್ಟಲಿಗೂ ನಾಲ್ಕು ಗುಂಡಿಗಳನ್ನು ಅವಳೇ ಹಾಕಲಿ. ಆಮೇಲೆ ‘ಬಟ್ಟಲು ಎಷ್ಟು?’, ‘ಒಂದೊಂದರಲ್ಲಿ ಎಷ್ಟು?’, ‘ಎಲ್ಲ ಸೇರಿ ಎಷ್ಟು?’ ಎಂಬ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿ. ಪಕ್ಕದಲ್ಲಿ ಆರು ಗುಂಡಿಗಳ ಒಂದು ರಾಶಿ, ನಾಲ್ಕು ಗುಂಡಿಗಳ ಇನ್ನೊಂದು ರಾಶಿ ಇಟ್ಟರೆ ಅವಳು ಹೇಳಿದ ಹತ್ತು ಎಲ್ಲಿಂದ ಬಂತು ಎಂಬುದು ಅವಳಿಗೇ ಕಾಣುತ್ತದೆ. ಮಗ್ಗಿಯ ಸಾಲನ್ನು ಇದಕ್ಕೆ ಜೋಡಿಸುವ ಹೊತ್ತು ಇದೇ: ‘ನಾಲ್ಕಾರ್ಲೆ ಇಪ್ಪತ್ತನಾಲ್ಕು’ ಎಂದರೆ ನಾಲ್ಕನ್ನು ಆರು ಸಲ ತೆಗೆದುಕೊಂಡಿದ್ದೇವೆ ಎಂದು ಬಟ್ಟಲುಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೇಳಿಸಿ. ಮತ್ತೊಮ್ಮೆ ಆಡುವಾಗ ಅವಳಿಗೆ ತಿಳಿಯದಂತೆ ಒಂದು ಬಟ್ಟಲಿನಲ್ಲಿ ಐದು ಗುಂಡಿ ಹಾಕಿ, ಈಗಲೂ ಮಗ್ಗಿ ಸರಿಹೋಗುತ್ತದೆಯೇ ಎಂದು ಕೇಳಿ. ಗುಂಪುಗಳು ಸಮವಾಗಿದ್ದರೆ ಮಾತ್ರ ಗುಣಿಸಬಹುದು ಎಂಬುದನ್ನು ಮಗು ತಾನಾಗಿ ಕಂಡುಕೊಳ್ಳುವುದು ಇಂಥ ಸಂದರ್ಭದಲ್ಲೇ. ಬಟ್ಟಲುಗಳನ್ನೆಲ್ಲ ಬರಿದು ಮಾಡಿದರೆ ಸೊನ್ನೆಯ ಗುಣಾಕಾರವೂ ಅಲ್ಲಿಯೇ ಮುಗಿಯುತ್ತದೆ.

ಗುಂಪುಗಳು ರೂಢಿಯಾದ ಮೇಲೆ ಬಟ್ಟಲುಗಳನ್ನು ಬಿಟ್ಟು ಗುಂಡಿಗಳನ್ನು ಸಾಲುಸಾಲಾಗಿ ಜೋಡಿಸಲು ಹೇಳಿ. ಸಮಯ ಕಡಿಮೆಯಿದ್ದು ಒಂದೇ ಒಂದು ಚಟುವಟಿಕೆ ಮಾಡಿಸಲು ಸಾಧ್ಯವಿದ್ದರೆ ನಾನು ಆರಿಸುವುದು ಇದನ್ನೇ. ಒಂದು ರಟ್ಟಿನ ಮೇಲೆ ಐದೈದು ಗುಂಡಿಗಳ ಮೂರು ಸಾಲು ಇರಲಿ. ಎಷ್ಟು ಎಂದು ಅವಳು ಹೇಳಿದ ಮೇಲೆ ರಟ್ಟನ್ನು ಮೆಲ್ಲಗೆ ಕಾಲು ಸುತ್ತು ತಿರುಗಿಸಿ. ಈಗ ಮೂರು ಮೂರರ ಐದು ಸಾಲುಗಳು ಕಾಣುತ್ತವೆ. ಅನೇಕ ಮಕ್ಕಳು ಇಲ್ಲಿ ಮತ್ತೆ ಒಂದರಿಂದ ಎಣಿಸಲು ತೊಡಗುತ್ತಾರೆ, ದಯವಿಟ್ಟು ತಡೆಯಬೇಡಿ. ನಾಲ್ಕಾರು ಸಲ ತಿರುಗಿಸಿದ ಮೇಲೆ, ಒಂದು ಗುಂಡಿಯನ್ನೂ ಸೇರಿಸಿಲ್ಲ, ತೆಗೆದಿಲ್ಲ, ಹಾಗಾಗಿ ಎಣಿಸುವ ಅಗತ್ಯವೇ ಇಲ್ಲ ಎಂದು ಮಗುವಿಗೆ ಹೊಳೆಯುತ್ತದೆ. ಈ ತಿಳಿವಳಿಕೆಯ ಪ್ರಯೋಜನ ಬಹಳ ದೊಡ್ಡದು. ಒಂದರಿಂದ ಹತ್ತರವರೆಗಿನ ಮಗ್ಗಿಗಳಲ್ಲಿ 100 ಸಾಲುಗಳಿವೆ. 3 × 5 ಮತ್ತು 5 × 3 ಒಂದೇ ಎಂದು ಅರಿತ ಮಗುವಿಗೆ ಉಳಿಯುವುದು 55 ಮಾತ್ರ. ಸುಲಭವಾದ ಒಂದು, ಎರಡು, ಐದು, ಹತ್ತರ ಮಗ್ಗಿಗಳನ್ನೂ ಬದಿಗಿಟ್ಟರೆ ನಿಜವಾಗಿ ಶ್ರಮಪಡಬೇಕಾದವು 21.

ಆ ಇಪ್ಪತ್ತೊಂದರಲ್ಲಿ ಮಕ್ಕಳನ್ನು ಹೆಚ್ಚು ಕಾಡುವ 7 × 8 ಅನ್ನು ಚೌಕಳಿ ಹಾಳೆಯ ಮೇಲೆ ಬಿಡಿಸಿ ನೋಡಬಹುದು. ಎಂಟೆಂಟು ಚೌಕಗಳ ಏಳು ಸಾಲುಗಳನ್ನು ಕತ್ತರಿಸಿ ತೆಗೆದು, ಐದನೆಯ ಸಾಲಿನ ಕೆಳಗೆ ಮಡಿಸಿ. ಮೇಲಿನ ತುಂಡಿನಲ್ಲಿ ಐದು ಎಂಟು, ಅಂದರೆ 40; ಕೆಳಗಿನ ತುಂಡಿನಲ್ಲಿ ಎರಡು ಎಂಟು, ಅಂದರೆ 16; ಒಟ್ಟು 56. ಮುಂದೆ 14 × 23ರಂಥ ದೊಡ್ಡ ಲೆಕ್ಕ ಮಾಡುವಾಗ ಹತ್ತುಗಳನ್ನೂ ಬಿಡಿಗಳನ್ನೂ ಬೇರೆಬೇರೆ ಗುಣಿಸಿ ಕೂಡುವ ಕ್ರಮದ ಹಿಂದಿರುವುದೂ ಇದೇ ಮಡಿಕೆ.

ವಸ್ತುಗಳನ್ನು ಎಲ್ಲಿಯವರೆಗೆ ಬಳಸಬೇಕು ಎಂಬುದು ಇಲ್ಲಿ ಸಹಜವಾಗಿ ಏಳುವ ಸಂದೇಹ. ಗುಂಡಿಗಳು ಸದಾ ಕಣ್ಣೆದುರು ಇದ್ದರೆ ಮಗು ಗುಣಿಸದೆ ಎಣಿಸುತ್ತಲೇ ಇರುತ್ತದೆ. ಆದ್ದರಿಂದ ಜೋಡಿಸಿದ ಸಾಲುಗಳ ಮೇಲೆ ಒಂದು ಹಾಳೆ ಮುಚ್ಚಿ, ಮೇಲಿನ ಒಂದು ಸಾಲು ಮತ್ತು ಎಡಬದಿಯ ಒಂದು ಕಂಬಸಾಲು ಮಾತ್ರ ಕಾಣುವಂತೆ ಇಡಿ. ಮೊದಲು ಉತ್ತರ ಹೇಳಲಿ, ಆಮೇಲೆ ಹಾಳೆ ಸರಿಸಿ ಪರೀಕ್ಷಿಸಲಿ. ಮುಚ್ಚಿದ ಗುಂಡಿಗಳನ್ನು ಮನಸ್ಸಿನಲ್ಲೇ ಕಾಣತೊಡಗಿದಾಗ ಅವು ಮೇಜಿನ ಮೇಲೆ ಇರಬೇಕಾಗಿಲ್ಲ. ಬಾಯಿಪಾಠವನ್ನೂ ನಿಲ್ಲಿಸಬೇಡಿ; ಅರ್ಥವಾದ ಮಗ್ಗಿ ನಾಲಿಗೆಯ ತುದಿಯಲ್ಲಿದ್ದರೆ ಮುಂದಿನ ಭಾಗಾಕಾರವೂ ಭಿನ್ನರಾಶಿಯೂ ಅಷ್ಟೇ ಹಗುರವಾಗುತ್ತವೆ.

ಅವಳಿಗೆ ತಿಳಿದಿದೆಯೇ ಎಂದು ನೋಡಲು ಇನ್ನೊಂದು ಲೆಕ್ಕ ಕೊಡುವ ಬದಲು ಅವಳಿಂದಲೇ ಲೆಕ್ಕ ಕಟ್ಟಿಸಿ. ಆರು ಮತ್ತು ನಾಲ್ಕು ಎಂಬ ಅವೇ ಎರಡು ಸಂಖ್ಯೆಗಳಿಂದ ಹತ್ತು ಬರುವ ಒಂದು ಕಥೆ, ಇಪ್ಪತ್ತನಾಲ್ಕು ಬರುವ ಇನ್ನೊಂದು ಕಥೆ ಹೇಳಲಿ. ಎರಡನೆಯ ಕಥೆಯಲ್ಲಿ ‘ತಲಾ’ ಎಂತಲೋ ‘ಒಂದೊಂದರಲ್ಲಿ’ ಎಂತಲೋ ಅವಳು ತಾನಾಗಿ ಹೇಳಿದ ದಿನ ಬಟ್ಟಲುಗಳನ್ನು ಎತ್ತಿಡಬಹುದು.