ಮೊದ್ಲು ಕಿವಿ, ಆಮೇಲೆ ಸೆಟ್ಟು

ಲೈಸೆನ್ಸ್ ತಗೊಂಡು ಹವ್ಯಾಸಕ್ಕೆ ಅಂತ ರೇಡಿಯೋದಲ್ಲಿ ಮಾತಾಡೋದಕ್ಕೆ ಹ್ಯಾಮ್ ಅಂತಾರೆ. ಭಾನುವಾರ ನಾನು ತಗೊಳ್ಳೋ ಹ್ಯಾಮ್ ಕ್ಲಾಸಿಗೆ ಪ್ರತಿ ಬ್ಯಾಚಲ್ಲೂ ಒಬ್ಬ ಹುಡುಗ ಬಂದೇ ಬರ್ತಾನೆ, ಬ್ಯಾಗಿಂದ ಪುಟ್ಟ ಕಪ್ಪು ವಾಕಿಟಾಕಿ ತೆಗ್ದು ಟೇಬಲ್ ಮೇಲಿಟ್ಟು "ಸಾರ್, ಆನ್‌ಲೈನಲ್ಲಿ ತಗೊಂಡೆ, ಮೂರು ದಿನದಿಂದ ಆನ್ ಮಾಡ್ಕೊಂಡು ಕೂತಿದೀನಿ, ಬರೀ ಶ್ಶ್ ಅನ್ನುತ್ತೆ, ಯಾರೂ ಮಾತಾಡ್ತಾನೇ ಇಲ್ವಲ್ಲ" ಅಂತಾನೆ. ಲೈಸೆನ್ಸ್ ಇದ್ಯಾ ಮರಿ ಅಂತ ಕೇಳಿದ್ರೆ ಅದನ್ನ ಮಾಡಿಸೋಕೇ ಅಲ್ವಾ ಸಾರ್ ಬಂದಿರೋದು ಅಂತ ನಗ್ತಾನೆ. ಸರಿ, ಹಾಗಾದ್ರೆ ಬ್ಯಾಟರಿ ಬಿಚ್ಚಿ ಒಳಗಿಡಪ್ಪ, ಇವತ್ತು ಅದರ ಕೆಲಸ ಇಲ್ಲ ಅಂತೀನಿ. ಮುಖ ಸಣ್ಣದಾಗುತ್ತೆ, ಪಾಪ.

ನಾನು ಹೊಟ್ಟೆಪಾಡಿಗೆ ಆಂಟೆನಾ ಟೆಸ್ಟ್ ಮಾಡೋ ಎಂಜಿನಿಯರ್ರು, ಹ್ಯಾಮ್ ಹುಚ್ಚು ಹತ್ತಿ ಇಪ್ಪತ್ತು ವರ್ಷದ ಮೇಲಾಯ್ತು. ಇಷ್ಟು ದಿನದಲ್ಲಿ ನೋಡಿರೋದು ಏನಂದ್ರೆ ಈ ಹವ್ಯಾಸ ಅರ್ಧಕ್ಕೇ ಬಿಟ್ಟೋಗೋರಲ್ಲಿ ಜಾಸ್ತಿ ಜನ ಮೊದ್ಲು ಸೆಟ್ಟು ಕೊಂಡೋರೇ. ಕಿವಿಯಿಂದ, ಅಂದ್ರೆ ಬೇರೆಯೋರ ಮಾತು ಕೇಳೋದ್ರಿಂದ ಶುರು ಮಾಡಿದೋರು ನಿಂತ್ಕೊಳ್ತಾರೆ. ಇವತ್ತು ಹೇಳೋದೆಲ್ಲ ಅದರ ಸುತ್ತಾನೇ.

ಮೊದ್ಲು ಕಾನೂನಿನ ಮಾತು ಮುಗಿಸ್ಬಿಡ್ತೀನಿ. ಟ್ರಾನ್ಸ್‌ಮಿಟ್ ಮಾಡೋ ರೇಡಿಯೋ ನಮ್ಮ ದೇಶದಲ್ಲಿ ಬಳಸೋಕೆ ಮಾತ್ರ ಅಲ್ಲ, ಮನೇಲಿ ಇಟ್ಕೊಳ್ಳೋಕೂ ಪರ್ಮಿಶನ್ ಬೇಕು. 446 ಮೆಗಾಹರ್ಟ್ಸ್ ಹತ್ರ ಕಡಿಮೆ ಪವರಿನ ಕೆಲವು ವಾಕಿಟಾಕಿಗೆ ಲೈಸೆನ್ಸ್ ಬೇಡ, ಟ್ರೆಕ್ಕಿಂಗಿಗೆ ಹೋಗೋರು ತಗೊಳ್ಳೋದು ಅದನ್ನ, ಆದ್ರೆ ಅದು ಹ್ಯಾಮ್ ಅಲ್ಲ. ಲೈಸೆನ್ಸ್ ವಿಷ್ಯ ಏನೂ ಹೇಳ್ದೆ ವಾಕಿಟಾಕಿ ಮಾರ್ತಿದ್ದಾರೆ ಅಂತ ಮೇ 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದೋರು ಆನ್‌ಲೈನ್ ಮಾರಾಟಗಾರರಿಗೆ 13 ನೋಟಿಸ್ ಕಳಿಸಿದ್ರು, ಅಂದ್ರೆ ಕಾರ್ಟಿಗೆ ಹಾಕೋಕೆ ಆಯ್ತು ಅಂದ ಮಾತ್ರಕ್ಕೆ ಇಟ್ಕೊಬಹುದು ಅಂತೇನಿಲ್ಲ.

ಸರಿ, ಕಿವಿ. ದುಡ್ಡು ಖರ್ಚಿಲ್ಲದ ದಾರಿ ಅಂದ್ರೆ ವೆಬ್‌ಎಸ್‌ಡಿಆರ್. ಯಾರೋ ಎಲ್ಲೋ ರಿಸೀವರ್ ಇಟ್ಟು ಇಂಟರ್ನೆಟ್ಟಿಗೆ ಹಾಕಿರ್ತಾರೆ, ನೀವು ಮೊಬೈಲಲ್ಲೇ ಟ್ಯೂನ್ ಮಾಡಿ ಕೇಳ್ಬಹುದು. ನೆದರ್ಲೆಂಡ್ಸಿನ ಟ್ವೆಂಟೆ ಯೂನಿವರ್ಸಿಟಿದು ತುಂಬಾ ಫೇಮಸ್, ಶಾರ್ಟ್‌ವೇವ್ ಪೂರ್ತಿ ಅದರಲ್ಲಿ ಸಿಗುತ್ತೆ. 14 ಮೆಗಾಹರ್ಟ್ಸಿಗೆ ಹೋಗಿ, ಯುಎಸ್‌ಬಿ ಮೋಡ್ ಹಾಕಿ (ಪೆನ್‌ಡ್ರೈವ್ ಯುಎಸ್‌ಬಿ ಅಲ್ಲ, ಅಪ್ಪರ್ ಸೈಡ್‌ಬ್ಯಾಂಡ್), ನಿಧಾನಕ್ಕೆ ತಿರುಗಿಸ್ತಾ ಬನ್ನಿ. ಮೊದ್ಲು ಬಾತುಕೋಳಿ ಕೂಗಿದಂಗೆ ಕೇಳುತ್ತೆ, ಇನ್ನೊಂಚೂರು ತಿರುಗಿಸಿದ್ರೆ ಮನುಷ್ಯರ ಧ್ವನಿ ಆಗುತ್ತೆ. 7 ಮೆಗಾಹರ್ಟ್ಸಲ್ಲಾದ್ರೆ ಎಲ್‌ಎಸ್‌ಬಿ, ಅಂದ್ರೆ ಲೋವರ್ ಸೈಡ್‌ಬ್ಯಾಂಡ್. 14.074ರಲ್ಲಿ ಕೊಳಲು ಕೆಟ್ಟೋದಂಗೆ ಒಂದೇ ಸಮ ಕುಯ್ಯೋ ಅನ್ನೋದು ಎಫ್‌ಟಿ8, ಅದು ಕಂಪ್ಯೂಟರ್ರು ಕಂಪ್ಯೂಟರ್ರು ಮಾತಾಡ್ಕೊಳ್ಳೋದು, ನನಗೆ ಅಷ್ಟು ರುಚಿಸಲ್ಲ, ಈಗಿನ ಹುಡುಗರಿಗೆ ಇಷ್ಟ.

ಹೀಗೆ ಹದಿನೈದು ದಿನ ದಿನಕ್ಕೆ ಅರ್ಧ ಗಂಟೆ ಕೇಳಿ. ಯಾರು ಯಾವಾಗ ಬಾಯಿ ಹಾಕ್ತಾರೆ, ಒಬ್ಬರ ಮಾತು ಮುಗಿದ ಮೇಲೆ ಎಷ್ಟು ಹೊತ್ತು ಬಿಡ್ತಾರೆ, ಕಾಲ್‌ಸೈನ್ (ಪ್ರತಿ ಹ್ಯಾಮಿಗೂ ಕೊಡೋ ಗುರುತಿನ ಹೆಸರು) ಹೆಂಗೆ ಬಿಡಿಸಿ ಹೇಳ್ತಾರೆ, ಸಿಗ್ನಲ್ ಚೆನ್ನಾಗಿದೆ ಅನ್ನೋಕೆ 59 ಅನ್ನೋದು, ಹೊರಡುವಾಗ 73 ಅನ್ನೋದು, ಊರಿಗೆ ಕ್ಯೂಟಿಎಚ್ ಅನ್ನೋದು, ಇದೆಲ್ಲ ಪುಸ್ತಕದಲ್ಲಿ ಬಾಯಿಪಾಠ ಮಾಡೋಕೆ ಹೋದ್ರೆ ಮೂರು ದಿನಕ್ಕೆ ಮರ್ತೋಗುತ್ತೆ, ಕೇಳಿದ್ರೆ ತಾನಾಗೇ ಕೂರುತ್ತೆ. ಮಕ್ಕಳು ಮಾತು ಕಲಿಯೋದೂ ಹಿಂಗೇ ಅಲ್ವಾ.

ಪರೀಕ್ಷೆ ಬಗ್ಗೆ ಜನ ಸುಮ್ನೆ ಹೆದರ್ಕೊಳ್ತಾರೆ. ನಡೆಸೋದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಂಗ್, ಅರ್ಜಿ ಹಾಕೋದು ಸರಳ್ ಸಂಚಾರ್ ಪೋರ್ಟಲಲ್ಲಿ. ಹನ್ನೆರಡು ವರ್ಷ ತುಂಬಿದ ಯಾರು ಬೇಕಾದ್ರೂ ಬರೀಬಹುದು, ಡಿಗ್ರಿಗಿಗ್ರಿ ಏನೂ ಬೇಡ. ನನ್ನ ಕ್ಲಾಸಲ್ಲಿ ಏಳನೇ ಕ್ಲಾಸ್ ಹುಡುಗಿ, ರಿಟೈರ್ಡ್ ಬಿಎಂಟಿಸಿ ಕಂಡಕ್ಟರ್ರು, ಇಬ್ಬರೂ ಒಂದೇ ಬೆಂಚಲ್ಲಿ ಕೂತು ಪಾಸಾಗಿದ್ದಾರೆ. ಎರಡು ದರ್ಜೆ ಇದೆ, ರಿಸ್ಟ್ರಿಕ್ಟೆಡ್ ಮತ್ತು ಜನರಲ್. 1978ರ ಅಮೆಚೂರ್ ಸರ್ವಿಸ್ ನಿಯಮಗಳಿಗೆ ಆಮೇಲೆ ಆದ ತಿದ್ದುಪಡಿ ಸೇರಿಸಿ ನೋಡಿದ್ರೆ ರಿಸ್ಟ್ರಿಕ್ಟೆಡಿಗೆ ಒಂದು ಗಂಟೆ ಪೇಪರು, ಅದರಲ್ಲಿ ಎರಡು ಭಾಗ, ಒಂದು ರೇಡಿಯೋ ಥಿಯರಿ, ಇನ್ನೊಂದು ನಿಯಮ. ಪ್ರತಿ ಭಾಗದಲ್ಲೂ ನೂರಕ್ಕೆ 40, ಒಟ್ಟು 50 ಬರಬೇಕು. ಜನರಲ್‌ಗೆ ಪೇಪರ್ ದೊಡ್ಡದು, ಜೊತೆಗೆ ಮೋರ್ಸ್ (ಚುಕ್ಕೆ ಗೆರೆಯ ಕೋಡು), ನಿಮಿಷಕ್ಕೆ 8 ಪದದ ಸ್ಪೀಡಲ್ಲಿ ಕೇಳಿ ಬರೀಬೇಕು, ಕಳಿಸ್ಲೂ ಬೇಕು. ರಿಸ್ಟ್ರಿಕ್ಟೆಡಿಗೆ ಮೋರ್ಸ್ ಇಲ್ಲ. ಪವರ್ರು 50 ವ್ಯಾಟ್ ಮಿತಿ, ಜನರಲ್‌ಗೆ 400. ಕಾಲ್‌ಸೈನ್ ನೋಡಿದ ತಕ್ಷಣ ಗೊತ್ತಾಗುತ್ತೆ, ವಿಯು3 ಅಂತ ಶುರುವಾದ್ರೆ ರಿಸ್ಟ್ರಿಕ್ಟೆಡ್, ವಿಯು2 ಅಂದ್ರೆ ಜನರಲ್. ರಾಜೀವ್ ಗಾಂಧಿಯವರದ್ದು ವಿಯು2ಆರ್‌ಜಿ. 2023ರಲ್ಲಿ ಹೊಸ ಟೆಲಿಕಾಂ ಕಾಯ್ದೆ ಬಂದಿದೆ, ಆದ್ರಿಂದ ಅರ್ಜಿ ಹಾಕೋ ದಿನ ಪೋರ್ಟಲಲ್ಲಿ ಏನು ನಿಯಮ ಇದೆ ಅಂತ ಒಂದ್ಸಲ ಓದ್ಕೊಳಿ.

ಓದೋದು ಏನು? ಓಮ್ಸ್ ಲಾ, ಕಾಯಿಲ್ಲು ಕೆಪಾಸಿಟರ್ರು, ರೆಸೊನೆನ್ಸು, ಸೂಪರ್‌ಹೆಟ್ ರಿಸೀವರ್ ಬ್ಲಾಕ್ ಡಯಾಗ್ರಾಂ, ಆಂಟೆನಾ ಉದ್ದ. ಪಿಯುಸಿ ಫಿಸಿಕ್ಸ್ ನೆನಪಿರೋರಿಗೆ ಎರಡು ವಾರ, ಕಾಮರ್ಸ್ ಓದಿದೋರಿಗೆ ಎರಡು ತಿಂಗಳು, ಅಷ್ಟೇ ವ್ಯತ್ಯಾಸ. ತಮಾಷೆ ಏನಂದ್ರೆ ಎಂಜಿನಿಯರಿಂಗ್ ಓದಿರೋರು ಥಿಯರಿ ಅಲ್ಲ, ನಿಯಮದ ಭಾಗದಲ್ಲಿ ಎಡವ್ತಾರೆ, ಓದೋದೇ ಇಲ್ಲ ಅದನ್ನ. ವ್ಯಾಪಾರದ ಮಾತು ಆಡಂಗಿಲ್ಲ, ಹಾಡು ಹಾಕಂಗಿಲ್ಲ, ಗುಟ್ಟಿನ ಕೋಡಲ್ಲಿ ಮೆಸೇಜ್ ಕಳಿಸಂಗಿಲ್ಲ, ಮೇಡೇ ಅನ್ನೋ ಅಪಾಯದ ಕೂಗು ಕೇಳಿಸಿದ್ರೆ ಎಲ್ಲ ಬಿಟ್ಟು ಮೊದ್ಲು ಅದಕ್ಕೆ ಕಿವಿ ಕೊಡಬೇಕು, ಇಂಥದ್ದೇ ಕೇಳೋದು. ಬೆಂಗಳೂರಲ್ಲಿ ಕಲಿಯೋಕೆ ಕಷ್ಟ ಇಲ್ಲ, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಇದೆ, ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್ ಇದೆ, ಹಳಬರು ಯಾರನ್ನ ಕೇಳಿದ್ರೂ ಹೇಳ್ಕೊಡ್ತಾರೆ. ಪಾಸಾದ ಮೇಲೆ ಸರ್ಟಿಫಿಕೇಟು, ಆಮೇಲೆ ಲೈಸೆನ್ಸು, ಎರಡೂ ಬೇರೆ ಬೇರೆ, ಕಾಲ್‌ಸೈನ್ ಕೈಗೆ ಬರೋಕೆ ತಿಂಗಳುಗಟ್ಟಲೆ ಆಗ್ಬಹುದು. ಬೈಕೋಬೇಡಿ, ಆ ಟೈಮಲ್ಲಿ ಆಂಟೆನಾ ಕಟ್ಟಿ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ, ಯಾಕೆ ಬರೀ ಶ್ಶ್ ಅನ್ನುತ್ತೆ. ವಿಎಚ್‌ಎಫ್ ಅನ್ನೋದು (ಇಂಥ ಕೈಸೆಟ್ಟುಗಳು ಸಾಮಾನ್ಯವಾಗಿ ಬಳಸೋ ಫ್ರೀಕ್ವೆನ್ಸಿ) ಹೆಚ್ಚೂಕಮ್ಮಿ ಕಣ್ಣಿನ ಥರ, ಕಂಡಷ್ಟು ದೂರ ಹೋಗುತ್ತೆ. ಲೆಕ್ಕ ಸುಲಭ, ಆಂಟೆನಾ ಎತ್ತರ ಮೀಟರಲ್ಲಿ ತಗೊಂಡು ಅದರ ವರ್ಗಮೂಲವನ್ನ 4.12ರಿಂದ ಗುಣಿಸಿದ್ರೆ ಕಿಲೋಮೀಟರ್ ಲೆಕ್ಕದ ರೇಡಿಯೋ ದಿಗಂತ ಬರುತ್ತೆ. ನೆಲದ ಮೇಲೆ ನಿಂತು ಸೆಟ್ಟು ಮುಖದ ಹತ್ರ ಹಿಡ್ಕೊಂಡ್ರೆ ಸುಮಾರು 5 ಕಿಲೋಮೀಟರ್, ಅದೂ ಬಯಲಲ್ಲಿ. ನೀವು ನಿಂತಿರೋದು ಜಯನಗರದ ಗ್ರೌಂಡ್ ಫ್ಲೋರು, ನಾಲ್ಕೂ ಕಡೆ ಕಾಂಕ್ರೀಟು, ಕೈಲಿರೋದು ಗೇಣುದ್ದದ ರಬ್ಬರ್ ಆಂಟೆನಾ, ಏನು ಕೇಳೀತು ಹೇಳಿ. ಅದೇ ಸೆಟ್ಟು, ಅದೇ 5 ವ್ಯಾಟು, ನಂದಿ ಬೆಟ್ಟಕ್ಕೆ ತಗೊಂಡೋಗಿ. ಬೆಟ್ಟ 1478 ಮೀಟರ್, ಬೆಂಗಳೂರು 920ರ ಆಸುಪಾಸು, ವ್ಯತ್ಯಾಸ ಐನೂರೈವತ್ತು ಅಂತ ಹಿಡಿದ್ರೂ ದಿಗಂತ 95 ಕಿಲೋಮೀಟರ್ ದಾಟುತ್ತೆ. ಸೂರ್ಯೋದಯ ನೋಡೋಕೆ ಬಂದೋರೆಲ್ಲ ಸೆಲ್ಫಿ ತಗೊಳ್ತಿರ್ತಾರೆ, ನೀವು ಮೂಲೇಲಿ ನಿಂತು ಬೆಂಗಳೂರಿನೋರ ಜೊತೆ ಆರಾಮಾಗಿ ಮಾತಾಡ್ತಿರ್ತೀರ, ಲೈಸೆನ್ಸ್ ಇದ್ರೆ. ಬೆಟ್ಟಕ್ಕಿಂತ ಎತ್ತರ ಬೇಕಾ, ಬಾಹ್ಯಾಕಾಶ ನಿಲ್ದಾಣ ಇದೆ, 400 ಕಿಲೋಮೀಟರ್ ಮೇಲೆ, ನಮ್ಮ ತಲೆ ಮೇಲೆ ಹಾದು ಹೋಗೋಕೆ ಹತ್ತು ನಿಮಿಷ. 2025ರ ಜುಲೈ 4ಕ್ಕೆ ಶುಭಾಂಶು ಶುಕ್ಲಾ ಅಲ್ಲಿಂದ ನಮ್ಮ ಯು ಆರ್ ರಾವ್ ಸ್ಯಾಟಲೈಟ್ ಸೆಂಟರಲ್ಲಿ ಸೇರಿದ್ದ ಮಕ್ಕಳ ಜೊತೆ ಮಾತಾಡಿದ್ದು ಹ್ಯಾಮ್ ರೇಡಿಯೋದಲ್ಲೇ. ಇಸ್ರೋದೋರು 2005ರ ಮೇ 5ಕ್ಕೆ ಹ್ಯಾಮ್‌ಗಳಿಗೆ ಅಂತಾನೇ ಹ್ಯಾಮ್‌ಸ್ಯಾಟ್ ಅನ್ನೋ ಉಪಗ್ರಹ ಹಾರಿಸಿದ್ರು, ಒಂಬತ್ತು ವರ್ಷ ದುಡೀತು ಅದು.

ಹಾಗಾಗಿ ದುಡ್ಡು ಹಾಕೋದಾದ್ರೆ ಆಂಟೆನಾಗೆ ಹಾಕಿ, ಅದೂ ಜಾಸ್ತಿ ಬೇಡ. ಎಸ್‌ಪಿ ರೋಡಿಗೆ ಹೋಗಿ (ಭಾನುವಾರ ಹೋಗಿ ಮುಚ್ಚಿರೋ ಶಟರ್ ನೋಡ್ಕೊಂಡು ಬರಬೇಡಿ) ಎಸ್‌ಓ-239 ಅನ್ನೋ ಆಂಟೆನಾ ಸಾಕೆಟ್ ಒಂದು, ಅದಕ್ಕೆ ಹೊಂದೋ ಕನೆಕ್ಟರು, ಒಳ್ಳೆ ಕೋಆಕ್ಸ್ ಕೇಬಲ್ಲು ಎಷ್ಟು ಬೇಕೋ ಅಷ್ಟೇ, ಯಾಕಂದ್ರೆ ಕೇಬಲ್ ಉದ್ದ ಆದಷ್ಟೂ ಪವರ್ ಅದರಲ್ಲೇ ಕರಗೋಗುತ್ತೆ. ದಪ್ಪ ತಾಮ್ರದ ತಂತಿ 49 ಸೆಂಟಿಮೀಟರಿನ ತುಂಡು ಮಾಡಿ, ಒಂದು ಮೇಲಕ್ಕೆ, ನಾಲ್ಕು ಸುತ್ತ ಕೆಳಕ್ಕೆ ಬಾಗಿಸಿ, ಬೆಸುಗೆ ಹಾಕಿ, ಪಿವಿಸಿ ಪೈಪ್ ತುದಿಗೆ ಕೂರಿಸಿ ಟೆರೇಸ್ ಮೇಲೆ ನಿಲ್ಲಿಸಿದ್ರೆ ಎರಡು ಮೀಟರ್ ಬ್ಯಾಂಡಿಗೆ (ವಿಎಚ್‌ಎಫಲ್ಲಿ ಹ್ಯಾಮ್‌ಗಳ ಜಾಗ) ಗ್ರೌಂಡ್ ಪ್ಲೇನ್ ಆಂಟೆನಾ ರೆಡಿ. ಮೂರಂತಸ್ತಿನ ಮನೆ ಮೇಲೆ ಇಷ್ಟು ಮಾಡಿದೋರಿಗೆ ಬೆಂಗಳೂರಿನ ಅರ್ಧ ಕೇಳುತ್ತೆ. ಕರೆಂಟ್ ಕಂಬದ ಕಡೆ ಮಾತ್ರ ಬೇಡ, ಪೈಪು ಬಿದ್ರೂ ಲೈನಿಗೆ ತಾಗದಷ್ಟು ದೂರ ಇರ್ಲಿ. ಏಪ್ರಿಲ್ ಮೇನಲ್ಲಿ ಸಂಜೆ ಗುಡುಗು ಶುರುವಾದ್ರೆ ಕೇಬಲ್ ಕಿತ್ತು ಹೊರಗಿಡಿ. ಅಪಾರ್ಟ್‌ಮೆಂಟಲ್ಲಿರೋರು ಅಸೋಸಿಯೇಷನ್ನಿಗೆ ಮೊದ್ಲೇ ಹೇಳಿ, ಲೈಸೆನ್ಸ್ ಜೆರಾಕ್ಸ್ ಕೊಡಿ, ಟವರ್ ಹಾಕ್ತಿದ್ದಾರೆ ಅಂತ ಸುದ್ದಿ ಹಬ್ಬಿದ ಮೇಲೆ ಯಾರಿಗೂ ಏನೂ ಅರ್ಥ ಮಾಡ್ಸೋಕಾಗಲ್ಲ.

ಶಾರ್ಟ್‌ವೇವಿಗೆ ಆಂಟೆನಾ ಉದ್ದ. 468ನ್ನ ಮೆಗಾಹರ್ಟ್ಸಿಂದ ಭಾಗಿಸಿದ್ರೆ ಅಡಿ ಲೆಕ್ಕ ಬರುತ್ತೆ, 7.1ಕ್ಕೆ 66 ಅಡಿ ಡೈಪೋಲು, ಅಂದ್ರೆ ಮಧ್ಯಕ್ಕೆ ಕೇಬಲ್ ಕೊಟ್ಟಿರೋ ತಂತಿ ಆಂಟೆನಾ. ಥರ್ಟಿ ಫಾರ್ಟಿ ಸೈಟಲ್ಲಿ 66 ಅಡಿ ಎಲ್ಲಿಂದ ತರ್ತೀರ, ಮಧ್ಯ ಎತ್ತರಿಸಿ ಎರಡೂ ತುದಿ ಇಳಿಬಿಟ್ಟು ತಲೆಕೆಳಗಾದ ವಿ ಥರ ಕಟ್ಟಬೇಕು. ನಂದು ಮೊದಲನೇದು ಟ್ಯಾಂಕ್ ಪಕ್ಕದ ಪೈಪಿಂದ ಕಟ್ಟಿದ್ದೆ, ಒಂದಿನ ಎಸ್‌ಡಬ್ಲ್ಯೂಆರ್ (ಆಂಟೆನಾ ಸೆಟ್ಟಿಗೆ ಎಷ್ಟು ಹೊಂದುತ್ತೆ ಅನ್ನೋ ಅಳತೆ, ಒಂದರ ಹತ್ರ ಇದ್ರೆ ಒಳ್ಳೇದು) ಒಂದೂವರೆ ಇದ್ದದ್ದು ಇದ್ದಕ್ಕಿದ್ದಂಗೆ ನಾಲ್ಕಕ್ಕೆ ಹೋಯ್ತು, ಕನೆಕ್ಟರ್ ಬಿಚ್ಚಿದೆ, ಕೇಬಲ್ ನೋಡಿದೆ, ಸೆಟ್ಟೇ ಹೋಯ್ತೇನೋ ಅಂತ ಬೆವರು ಬಂತು, ಮೇಲೆ ಹೋಗಿ ನೋಡಿದ್ರೆ ಅಮ್ಮ ಡೈಪೋಲ್ ಮೇಲೆ ಒದ್ದೆ ಸೀರೆ ಒಣಗಹಾಕಿದ್ದಾರೆ. "ಇನ್ನೇನೋ ಮತ್ತೆ, ತಂತಿ ಕಟ್ಟಿದ್ಯಲ್ಲ, ಒಳ್ಳೇದಾಯ್ತು ಅಂದ್ಕೊಂಡೆ" ಅಂದ್ರು. ನಗು ಬರುತ್ತೆ ಈಗ, ಆದ್ರೆ ಡೈಪೋಲ್ ತುದಿಯಲ್ಲಿ ವೋಲ್ಟೇಜ್ ಜಾಸ್ತಿ ಇರುತ್ತೆ, ಟ್ರಾನ್ಸ್‌ಮಿಟ್ ಮಾಡ್ತಿರುವಾಗ ಮುಟ್ಟಿದ್ರೆ ಕೈ ಸುಡುತ್ತೆ. ಅವತ್ತಿಂದ ತುದಿಗಳು ಆಳೆತ್ತರಕ್ಕಿಂತ ಮೇಲೆ, ಅಮ್ಮನಿಗೆ ಬೇರೆ ತಂತಿ.

ಆದ್ರೆ ರುಚಿ ಇರೋದು ಶಾರ್ಟ್‌ವೇವಲ್ಲೇ ಸ್ವಾಮಿ. ಮೇಲೆ ಅಯಾನುಗೋಳ ಇದೆ, ಅದು ಸಿಗ್ನಲ್ಲನ್ನ ವಾಪಸ್ ಬಗ್ಗಿಸಿ ಭೂಮಿಗೆ ಕಳಿಸುತ್ತೆ. ಹಗಲಲ್ಲಿ ಅದರ ಕೆಳಪದರ, ಡಿ ಲೇಯರ್ ಅಂತಾರೆ, 7 ಮೆಗಾಹರ್ಟ್ಸನ್ನ ಹೀರ್ಕೊಳ್ಳುತ್ತೆ, ಮಧ್ಯಾಹ್ನ ಹೆಚ್ಚೂಕಮ್ಮಿ ಅಕ್ಕಪಕ್ಕದ ರಾಜ್ಯದೋರಷ್ಟೇ ಸಿಗೋದು. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ ಅದೇ ಬ್ಯಾಂಡು ಸಾವಿರಾರು ಕಿಲೋಮೀಟರ್ ತೆರ್ಕೊಳ್ಳುತ್ತೆ. ಇದಕ್ಕೆ ಟವರ್ ಬೇಡ, ಕೇಬಲ್ ಬೇಡ, ಆದ್ರಿಂದಲೇ ಎಲ್ಲಾ ಬಿದ್ದೋದಾಗ ಇದು ನಿಲ್ಲುತ್ತೆ. 2004ರ ಡಿಸೆಂಬರಲ್ಲಿ ಸುನಾಮಿ ಬಂದಾಗ ಭಾರತಿ ಪ್ರಸಾದ್ ಅನ್ನೋ ಹ್ಯಾಮ್, ಕಾಲ್‌ಸೈನ್ ವಿಯು2ಆರ್‌ಬಿಐ, ಹವ್ಯಾಸಕ್ಕೆ ಅಂತ ಪೋರ್ಟ್ ಬ್ಲೇರಿಗೆ ಸ್ಟೇಷನ್ ತಗೊಂಡೋಗಿದ್ರು, ಅದೇ ಸ್ಟೇಷನ್ನು ಅಂಡಮಾನಿನ ಸುದ್ದಿ ಹೊರಗೆ ಮುಟ್ಟಿಸೋಕೆ ನಿಂತ್ಕೊಳ್ತು.

ಹೊಸ ಎಚ್‌ಎಫ್, ಅಂದ್ರೆ ಶಾರ್ಟ್‌ವೇವ್ ಸೆಟ್ಟು ದುಬಾರಿ, ಸುಳ್ಳು ಹೇಳಲ್ಲ. ಕ್ಲಬ್ಬಲ್ಲಿ ಹಳೇದು ಸಿಗುತ್ತಾ ವಿಚಾರಿಸಿ, ಕೊಡೋರಿಗೂ ತಗೊಳ್ಳೋರಿಗೂ ಲೈಸೆನ್ಸ್ ಇರಬೇಕು. ಬೆಸುಗೆ ಕೈ ಇದ್ರೆ ನೀವೇ ಕಟ್ಟಿ. ಹೈದರಾಬಾದಿನ ಅಶ್ಹರ್ ಫರ್ಹಾನ್ ಡಿಸೈನ್ ಮಾಡಿದ ಬಿಟೆಕ್ಸ್ ಅನ್ನೋ ಟ್ರಾನ್ಸೀವರ್ (ಕೇಳೋಕೂ ಕಳಿಸೋಕೂ ಒಂದೇ ಸೆಟ್ಟು) ಪ್ರಪಂಚದ ಎಷ್ಟೋ ಕಡೆ ಜನ ಕಟ್ಟಿದ್ದಾರೆ, ಮೊದಲಿನ ಡಿಸೈನಲ್ಲಿ ಕಾಯಿಲ್ ಸುತ್ತೋಕೆ ನಲ್ಲಿ ವಾಷರ್ ಬಳಸಿದ್ರು, ಕಾಯಿಲ್ ಸುತ್ತೋ ಇಂಪೋರ್ಟೆಡ್ ಉಂಗುರ, ಟೊರಾಯಿಡ್, ಸಿಗಲ್ಲ ಅಂತ ಅಳೋರಿಗೆ ಇದನ್ನೇ ಹೇಳ್ತೀನಿ ನಾನು. ಇನ್ನೊಂದು ವಿಷ್ಯ, ಸೆಟ್ಟು ಬಂದ ಮೇಲೆ ಗರ್ರ್ ಅಂತ ಸದ್ದು ಜಾಸ್ತಿ ಅಂದ್ರೆ ಸೆಟ್ಟನ್ನ ಬೈಬೇಡಿ, ಬ್ಯಾಟರಿ ಮೇಲೆ ಓಡಿಸಿ ಮನೆ ಮೇನ್ ಸ್ವಿಚ್ ಆಫ್ ಮಾಡಿ ನೋಡಿ. ನಮ್ಮನೇಲಿ ಕಳ್ಳ ಸಿಕ್ಕಿದ್ದು ದೇವರ ಮನೆ ಎಲ್‌ಇಡಿ ಸೀರಿಯಲ್ ಸೆಟ್ಟಲ್ಲಿ.

ಮೊದಲ ಸಲ ಮೈಕ್ ಒತ್ತುವಾಗ ಗಂಟಲು ಒಣಗುತ್ತೆ, ಎಲ್ಲರಿಗೂ. ಹೆಸರು, ಊರು, ಸಿಗ್ನಲ್ ರಿಪೋರ್ಟು ಒಂದು ಚೀಟೀಲಿ ಬರ್ದಿಟ್ಕೊಳಿ, ಫ್ರೀಕ್ವೆನ್ಸಿ ಖಾಲಿ ಇದ್ಯಾ ಅಂತ ಕೇಳಿ, ಉತ್ತರ ಬರ್ದಿದ್ರೆ ಇನ್ನೊಂದ್ಸಲ ಕೇಳಿ, ಆಮೇಲೆ ಸಿಕ್ಯೂ ಕೂಗಿ, ಅಂದ್ರೆ ಯಾರಾದ್ರೂ ಮಾತಾಡ್ತೀರಾ ಅನ್ನೋ ಕರೆ. ಇಂಗ್ಲಿಷೇ ಆಗ್ಬೇಕು ಅಂತಿಲ್ಲ, ಕಾಲ್‌ಸೈನ್ ಸರಿಯಾಗಿ ಹೇಳಿ ಕನ್ನಡದಲ್ಲೇ ಊಟ ಆಯ್ತಾ ಅಂತ ಕೇಳಿ, ಆ ಕಡೆಯೋರು ಕನ್ನಡದೋರಾಗಿದ್ರೆ ಅರ್ಧ ಗಂಟೆ ಬಿಡಲ್ಲ. ಮಾತು ಮುಗಿದ ತಕ್ಷಣ ಲಾಗ್ ಬುಕ್ಕಲ್ಲಿ ಬರೀರಿ, ಟೈಮು ಯುಟಿಸಿಲಿ, ಅಂದ್ರೆ ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೀಬೇಕು. ಬೆಳಗ್ಗೆ ಐದಕ್ಕೆದ್ದು ಮಾತಾಡಿದ್ರೆ ತಾರೀಖೂ ಹಿಂದಿನ ದಿನದ್ದೇ ಬರೀಬೇಕು, ನನ್ನ ಮೊದಲನೇ ಲಾಗ್ ಬುಕ್ಕಲ್ಲಿ ಇದು ಗೊತ್ತಿಲ್ದೆ ಮೂರು ಪೇಜ್ ಪೂರ್ತಿ ಹೊಡೆದು ಹಾಕಿ ತಿದ್ದಿದೀನಿ.